ಏಡ್ಸ್ ರೋಗಿಗಳಲ್ಲಿ ಅಕ್ಷಿಪಟಲದ ಕಾರ್ಯಪರೀಕ್ಷೆ

ಎಚ್‌ಐವಿ ಸೋಂಕಿನಿಂದ ರೋಗನಿರೋಧಕ ಶಕ್ತಿ ಕುಂದಿದವರಲ್ಲಿ ಕಣ್ಣಿನ ಒಳಪದರವಾದ ಅಕ್ಷಿಪಟಲ, ಅಂದರೆ ರೆಟಿನಾ, ಎಷ್ಟರ ಮಟ್ಟಿಗೆ ಕೆಲಸ ಮಾಡುತ್ತಿದೆ ಎಂದು ಅಳೆಯುವ ಪರೀಕ್ಷೆಗಳ ಗುಂಪು. ಪಾಪೆ ಹಿಗ್ಗಿಸಿ, ಮಸೂರ ಹಿಡಿದು ಕಣ್ಣಿನೊಳಗೆ ನೋಡಿದಾಗ ವೈದ್ಯರಿಗೆ ಕಾಣುವುದು ಅಕ್ಷಿಪಟಲದ ರೂಪ. ಕಾರ್ಯಪರೀಕ್ಷೆ ಕೇಳುವ ಪ್ರಶ್ನೆ ಬೇರೆ: ಈ ಪದರದ ಮೇಲೆ ಬಿದ್ದ ಬೆಳಕು ನರಸಂಕೇತವಾಗಿ ಮಿದುಳನ್ನು ಮುಟ್ಟುತ್ತಿದೆಯೇ? ಮುಟ್ಟದಿದ್ದರೆ ಯಾವ ಹಂತದಲ್ಲಿ ಕಡಿದುಹೋಗಿದೆ? ಏಡ್ಸ್ ಕಾಯಿಲೆಯಲ್ಲಿ ರೂಪ ಹೇಳುವುದೂ ಕಾರ್ಯ ಹೇಳುವುದೂ ಎಷ್ಟೋ ಸಲ ಹೊಂದುವುದಿಲ್ಲ. ಒಳಗೆ ಏನೂ ದೋಷ ಕಾಣದ, ಗೋಡೆಯ ಮೇಲಿನ ಫಲಕವನ್ನು ಕೊನೆಯ ಸಾಲಿನವರೆಗೂ ಓದುವ ಕಣ್ಣು ಕೂಡ ತನ್ನ ಶಕ್ತಿಯ ಒಂದು ಪಾಲನ್ನು ಕಳೆದುಕೊಂಡಿರಬಹುದು. ಈ ಮರೆಯಾದ ನಷ್ಟವನ್ನು ಹಿಡಿಯುವುದೇ ಕಾರ್ಯಪರೀಕ್ಷೆಗಳ ಮುಖ್ಯ ಉದ್ದೇಶ.

ಹಿನ್ನೆಲೆ

ಏಡ್ಸ್‌ನ ಮೊದಲ ವರದಿ ಪ್ರಕಟವಾದದ್ದು 1981ರ ಜೂನ್ 5ರಂದು, ಲಾಸ್ ಏಂಜಲೀಸ್‌ನ ಐವರು ಯುವಕರ ಅಪರೂಪದ ನ್ಯುಮೋನಿಯಾ ಕುರಿತು. ಮರುವರ್ಷವೇ ಅದೇ ನಗರದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ನೇತ್ರವೈದ್ಯ ಗ್ಯಾರಿ ಹಾಲೆಂಡ್ ಮತ್ತು ಸಂಗಡಿಗರು ಈ ರೋಗಿಗಳ ಕಣ್ಣಿನಲ್ಲಿ ಕಂಡ ಬದಲಾವಣೆಗಳನ್ನು ದಾಖಲಿಸಿದರು. ಪ್ಯಾರಿಸ್ಸಿನ ಪಾಶ್ಚರ್ ಸಂಸ್ಥೆಯಲ್ಲಿ ವೈರಸ್ ಪತ್ತೆಯಾದದ್ದು 1983ರಲ್ಲಿ. ಹೀಗೆ ಕಾರಣ ಗೊತ್ತಾಗುವ ಮೊದಲೇ ಕಣ್ಣು ಈ ಕಾಯಿಲೆಯ ಗುರುತನ್ನು ತೋರಿಸಿತ್ತು.

ಆಗಿನ ದೊಡ್ಡ ಭಯ ಸೈಟೊಮೆಗಾಲೊ ವೈರಸ್ ತರುವ ಅಕ್ಷಿಪಟಲದ ಉರಿಯೂತ, ವೈದ್ಯರ ಬಾಯಲ್ಲಿ ಸಿಎಂವಿ ರೆಟಿನೈಟಿಸ್. ಅಮೆರಿಕದಲ್ಲಿ ಏಡ್ಸ್ ರೋಗಿಗಳ ಪೈಕಿ ಸುಮಾರು ಮೂರರಲ್ಲಿ ಒಬ್ಬರಿಗೆ ಅದು ತಗಲುತ್ತಿತ್ತು. ಅದಕ್ಕೆ ಗ್ಯಾನ್‌ಸಿಕ್ಲೊವಿರ್ ಔಷಧಿ 1989ರಲ್ಲೂ ಫೋಸ್ಕಾರ್ನೆಟ್ 1991ರಲ್ಲೂ ಅಲ್ಲಿ ಅನುಮತಿ ಪಡೆದವು. 1996ರಿಂದ ಹಲವು ಔಷಧಿಗಳನ್ನು ಒಟ್ಟಿಗೆ ಕೊಡುವ ಎಆರ್‌ಟಿ ಚಿಕಿತ್ಸೆ ಬಳಕೆಗೆ ಬಂದ ಮೇಲೆ ಹೊಸ ಪ್ರಕರಣಗಳು ಮುಕ್ಕಾಲು ಪಾಲಿಗಿಂತ ಹೆಚ್ಚು ಇಳಿದವು. ರೋಗಿಗಳು ತಿಂಗಳುಗಳ ಬದಲು ದಶಕಗಳ ಕಾಲ ಬದುಕತೊಡಗಿದರು. ಆಗ ಪ್ರಶ್ನೆಯೂ ಬದಲಾಯಿತು. ಕುರುಡಾಗದಂತೆ ಕಾಯುವುದರ ಜೊತೆಗೆ, ಉಳಿದ ಅಷ್ಟೂ ವರ್ಷ ಇವರು ಎಷ್ಟು ಚೆನ್ನಾಗಿ ನೋಡಬಲ್ಲರು ಎಂದು ಕೇಳಬೇಕಾಯಿತು.

ಇದಕ್ಕೆ ಉತ್ತರ ಹುಡುಕಲು ಜಾನ್ಸ್ ಹಾಪ್‌ಕಿನ್ಸ್ ವಿಶ್ವವಿದ್ಯಾಲಯದಲ್ಲಿದ್ದ ಡಗ್ಲಸ್ ಜ್ಯಾಬ್ಸ್ ಅವರ ಮುಂದಾಳತ್ವದಲ್ಲಿ 1998ರಲ್ಲಿ ಅಮೆರಿಕದ ಹಲವು ಕೇಂದ್ರಗಳನ್ನೊಳಗೊಂಡ ದೀರ್ಘಕಾಲದ ಅಧ್ಯಯನ ಆರಂಭವಾಯಿತು. ಎಲ್‌ಎಸ್‌ಒಸಿಎ ಎಂಬ ಹ್ರಸ್ವನಾಮದ ಈ ಅಧ್ಯಯನ ಎರಡು ಸಾವಿರಕ್ಕೂ ಹೆಚ್ಚು ಏಡ್ಸ್ ರೋಗಿಗಳನ್ನು ವರ್ಷಗಟ್ಟಲೆ ಹಿಂಬಾಲಿಸಿತು. ಸ್ಯಾನ್ ಡಿಯಾಗೋದಲ್ಲಿ ವಿಲಿಯಂ ಫ್ರೀಮನ್ ಅವರ ತಂಡ ಅಕ್ಷಿಪಟಲದ ಕಾರ್ಯವನ್ನೇ ಗುರಿಯಾಗಿಟ್ಟುಕೊಂಡು ಪರೀಕ್ಷೆಗಳನ್ನು ರೂಢಿಸಿತು. ಇಂದಿನ ತಿಳಿವಳಿಕೆಯ ಬಹುಪಾಲು ಈ ಎರಡು ಕಡೆಯಿಂದ ಬಂದದ್ದು.

ಅಕ್ಷಿಪಟಲಕ್ಕೆ ಆಗುವ ಹಾನಿ

ಅಕ್ಷಿಪಟಲದಲ್ಲಿ ಬೆಳಕನ್ನು ಮೊದಲು ಹಿಡಿಯುವವು ದಂಡಕೋಶಗಳು ಮತ್ತು ಶಂಕುಕೋಶಗಳು. ದಂಡಕೋಶಗಳು ಮಬ್ಬು ಬೆಳಕಿಗೆ, ಶಂಕುಕೋಶಗಳು ಹಗಲಿಗೂ ಬಣ್ಣಕ್ಕೂ. ಅವು ಕೊಟ್ಟ ಸಂಕೇತವನ್ನು ದ್ವಿಧ್ರುವ ಕೋಶಗಳು ಪಡೆದು ಗ್ಯಾಂಗ್ಲಿಯನ್ ಕೋಶಗಳಿಗೆ ದಾಟಿಸುತ್ತವೆ. ಗ್ಯಾಂಗ್ಲಿಯನ್ ಕೋಶಗಳ ಉದ್ದನೆಯ ತಂತುಗಳು, ಒಂದು ಕಣ್ಣಿಗೆ ಸುಮಾರು ಹತ್ತು ಹನ್ನೆರಡು ಲಕ್ಷ, ಒಟ್ಟುಗೂಡಿ ದೃಷ್ಟಿನರವಾಗಿ ಮಿದುಳಿಗೆ ಸಾಗುತ್ತವೆ. ಕಾರ್ಯಪರೀಕ್ಷೆಗಳನ್ನು ಅರ್ಥಮಾಡಿಕೊಳ್ಳಲು ಈ ಸರಪಳಿ ಮನಸ್ಸಿನಲ್ಲಿರಬೇಕು. ಒಂದೊಂದು ಪರೀಕ್ಷೆ ಇದರ ಒಂದೊಂದು ಕೊಂಡಿಯನ್ನು ಎಳೆದು ನೋಡುತ್ತದೆ.

ಎಚ್‌ಐವಿಯಲ್ಲಿ ಅತ್ಯಂತ ಸಾಮಾನ್ಯವಾಗಿ ಕಾಣುವ ಬದಲಾವಣೆ ಅಕ್ಷಿಪಟಲದ ಮೇಲಿನ ಹತ್ತಿಯಂಥ ಬಿಳಿ ಚುಕ್ಕೆಗಳು. ಕೂದಲೆಳೆಗಿಂತ ತೆಳುವಾದ ರಕ್ತನಾಳಗಳು ಕಟ್ಟಿಕೊಂಡು, ಆ ಜಾಗದ ನರತಂತುಗಳೊಳಗಿನ ಸಾಗಾಟ ನಿಂತಾಗ ಅವು ಮೂಡುತ್ತವೆ. ಕೆಲವು ವಾರಗಳಲ್ಲಿ ಚುಕ್ಕೆ ಮಾಸುತ್ತದೆ, ರೋಗಿಗೆ ಸಾಮಾನ್ಯವಾಗಿ ಏನೂ ಅನ್ನಿಸುವುದಿಲ್ಲ. ಹೀಗಾಗಿ ಇದನ್ನು ಬಹುಕಾಲ ನಿರಪಾಯವೆಂದೇ ಎಣಿಸಲಾಗಿತ್ತು. ಆದರೆ ಚುಕ್ಕೆ ಮಾಸಿದಲ್ಲಿ ಸತ್ತ ತಂತುಗಳು ಮರಳಿ ಹುಟ್ಟುವುದಿಲ್ಲ. ಏಡ್ಸ್‌ನಿಂದ ಮೃತರಾದವರ ದೃಷ್ಟಿನರಗಳನ್ನು ಸೂಕ್ಷ್ಮದರ್ಶಕದಲ್ಲಿ ಎಣಿಸಿ 1992ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಆರೋಗ್ಯವಂತ ನರಗಳಿಗೆ ಹೋಲಿಸಿದರೆ ತಂತುಗಳು ಶೇಕಡಾ 40ರಷ್ಟು ಕಡಿಮೆ ಇದ್ದವು.

ಯಾವ ಸೋಂಕೂ ಅಕ್ಷಿಪಟಲಕ್ಕೆ ತಗಲದೆಯೇ ಕಾರ್ಯ ಕುಗ್ಗುವ ಈ ಸ್ಥಿತಿಗೆ ಎಚ್‌ಐವಿ ನರ-ಅಕ್ಷಿಪಟಲ ವಿಕಾರ ಎಂದು ಹೆಸರು. ಮೇಲೆ ಹೇಳಿದ ದೀರ್ಘ ಅಧ್ಯಯನದಲ್ಲಿ ಸೇರ್ಪಡೆಯ ಹೊತ್ತಿಗೇ ಸುಮಾರು ಶೇಕಡಾ 16 ಮಂದಿಯಲ್ಲಿ ಇದು ಇತ್ತು. ಇದಿದ್ದವರಲ್ಲಿ ಮುಂದೆ ದೃಷ್ಟಿ ಕುಂದುವ ಸಾಧ್ಯತೆಯೂ ಸಾವಿನ ಅಪಾಯವೂ ಇಲ್ಲದವರಿಗಿಂತ ಹೆಚ್ಚಾಗಿ ಕಂಡುಬಂತು. ಕಣ್ಣಿನ ಪರೀಕ್ಷೆ ಇಡೀ ದೇಹದ ಸ್ಥಿತಿಯ ಬಗ್ಗೆಯೂ ಸುಳಿವು ಕೊಡುತ್ತದೆ ಎಂಬುದಕ್ಕೆ ಇದೊಂದು ಸಾಕ್ಷಿ.

ಅಕ್ಷರ ಫಲಕ

ಡಚ್ ವೈದ್ಯ ಸ್ನೆಲೆನ್ 1862ರಲ್ಲಿ ರೂಪಿಸಿದ ಅಕ್ಷರ ಫಲಕವೂ ಅದರ ಸುಧಾರಿತ ರೂಪಗಳೂ ದೃಷ್ಟಿಯ ತೀಕ್ಷ್ಣತೆಯನ್ನು ಅಳೆಯುತ್ತವೆ. ಆರು ಮೀಟರ್ ದೂರದಿಂದ ಆರು ಮೀಟರಿನ ಸಾಲನ್ನು ಓದಿದರೆ ದೃಷ್ಟಿ 6/6. ಎಲ್ಲ ಪರೀಕ್ಷೆಯೂ ಇಲ್ಲಿಂದಲೇ ಆರಂಭವಾಗಬೇಕು, ಆದರೆ ಇಲ್ಲಿಗೇ ನಿಲ್ಲಬಾರದು. ಅಚ್ಚ ಬಿಳಿಯ ಮೇಲೆ ಅಚ್ಚ ಕಪ್ಪು ಅಕ್ಷರ ಓದುವುದು ಅಕ್ಷಿಪಟಲಕ್ಕೆ ಸುಲಭದ ಕೆಲಸ. ನಟ್ಟನಡುವಿನ ಫೋವಿಯ ಎಂಬ ಚಿಕ್ಕ ತಗ್ಗು ಚೆನ್ನಾಗಿದ್ದರೆ ಸುತ್ತಲಿನ ಪದರದಲ್ಲಿ ಅರ್ಧಕ್ಕರ್ಧ ಕೆಟ್ಟಿದ್ದರೂ ಈ ಫಲಕಕ್ಕೆ ಅದು ಗೊತ್ತಾಗುವುದಿಲ್ಲ.

ಕಾಂಟ್ರಾಸ್ಟ್ ಸಂವೇದನೆ

ಹಿನ್ನೆಲೆಗಿಂತ ತುಸುವೇ ಗಾಢವಾದುದನ್ನು ಬೇರ್ಪಡಿಸಿ ನೋಡುವ ಶಕ್ತಿಗೆ ಕಾಂಟ್ರಾಸ್ಟ್ ಸಂವೇದನೆ ಎನ್ನುತ್ತಾರೆ. ಮುಸ್ಸಂಜೆಯಲ್ಲಿ ರಸ್ತೆಯ ಉಬ್ಬು, ಸಿಮೆಂಟಿನ ಮೆಟ್ಟಿಲಿನ ಅಂಚು, ಬಣ್ಣ ಮಾಸಿದ ಬಸ್ ಟಿಕೆಟ್ಟಿನ ಅಂಕಿ, ಇವೆಲ್ಲ ಇದನ್ನೇ ನೆಚ್ಚಿವೆ. ಅಕ್ಷರ ಫಲಕದಲ್ಲಿ 6/6 ಪಡೆದ ರೋಗಿ "ಸಂಜೆ ಹೊತ್ತು ಸರಿಯಾಗಿ ಕಾಣಲ್ಲ ಡಾಕ್ಟ್ರೇ" ಎಂದರೆ ಅದು ಮನಸ್ಸಿನ ಭ್ರಮೆಯಲ್ಲ, ಅಳೆಯಬಹುದಾದ ದೋಷ.

ಅಳೆಯುವ ಸಾಧನ 1988ರಲ್ಲಿ ಬಂದ ಪೆಲ್ಲಿ-ರಾಬ್ಸನ್ ಫಲಕ. ರೋಗಿ ಅದರಿಂದ ಒಂದು ಮೀಟರ್ ದೂರ ಕೂರುತ್ತಾರೆ. ಎಲ್ಲ ಅಕ್ಷರಗಳ ಗಾತ್ರವೂ ಒಂದೇ, ಹತ್ತಿರಹತ್ತಿರ ಐದು ಸೆಂಟಿಮೀಟರ್. ಎಂಟು ಸಾಲು, ಸಾಲಿಗೆ ಮೂರು ಮೂರು ಅಕ್ಷರಗಳ ಎರಡು ಗುಂಪು. ಮೊದಲ ಗುಂಪು ಕಡುಗಪ್ಪು, ಮುಂದಿನದು ಅದರ ಮುಕ್ಕಾಲಿಗಿಂತ ತುಸು ಕಡಿಮೆ, ಅದರ ಮುಂದಿನದು ಮೊದಲನೆಯದರ ಅರ್ಧ. ಹೀಗೆ ಗುಂಪಿನಿಂದ ಗುಂಪಿಗೆ ಬಣ್ಣ ಇಳಿಯುತ್ತ ಕೊನೆಗೆ ಬರಿಯ ಬಿಳಿ ಕಾಗದವೇನೋ ಎನ್ನುವಷ್ಟು ಮಸುಕಾಗುತ್ತದೆ. ಮೂರರಲ್ಲಿ ಎರಡಕ್ಷರ ಸರಿ ಹೇಳಿದ ಕೊನೆಯ ಗುಂಪೇ ರೋಗಿಯ ಅಂಕ. ಪರೀಕ್ಷಕರು ಆತುರಪಡಬಾರದು, ಏಕೆಂದರೆ ಮಸುಕಾದ ಅಕ್ಷರ ಕೆಲವು ಕ್ಷಣ ದಿಟ್ಟಿಸಿದ ಮೇಲೆ ನಿಧಾನವಾಗಿ ಎದ್ದು ಬರುತ್ತದೆ. "ಇನ್ನೇನೂ ಇಲ್ಲ" ಎಂದ ರೋಗಿ, ತಾಳ್ಮೆಯಿಂದ ಕಾದರೆ, ಇನ್ನೊಂದು ಗುಂಪನ್ನು ಓದುವುದುಂಟು.

ಆರೋಗ್ಯವಂತ ವಯಸ್ಕರ ಅಂಕ ಸಾಮಾನ್ಯವಾಗಿ 1.65 ಇಲ್ಲವೇ ಅದಕ್ಕೂ ಮೇಲೆ. ಏಡ್ಸ್ ಅಧ್ಯಯನದಲ್ಲಿ ಬೇರೆ ಕಾರಣವಿಲ್ಲದೆ ಅಂಕ 1.50ಕ್ಕಿಂತ ಕೆಳಗಿಳಿದರೆ ನರ-ಅಕ್ಷಿಪಟಲ ವಿಕಾರವಿದೆ ಎಂದು ಗಣಿಸಲಾಯಿತು. 1.50 ಎಂದರೆ ಹಿನ್ನೆಲೆಗೂ ಅಕ್ಷರಕ್ಕೂ ಸುಮಾರು ಶೇಕಡಾ 3ರಷ್ಟೇ ವ್ಯತ್ಯಾಸವಿರುವ ಗುಂಪು. ಕರೆಂಟೂ ಬೇಡದ, ಐದು ನಿಮಿಷದಲ್ಲಿ ಮುಗಿಯುವ ಈ ಪರೀಕ್ಷೆ ಇಷ್ಟು ಸೂಕ್ಷ್ಮ ನಷ್ಟವನ್ನು ಹಿಡಿಯುವುದರಿಂದ ಸಣ್ಣ ಆಸ್ಪತ್ರೆಗಳಿಗೂ ಇದು ಬಹಳ ಬೆಲೆಯುಳ್ಳದ್ದು.

ಬಣ್ಣದ ಪರೀಕ್ಷೆ

ಚುಕ್ಕೆಗಳ ನಡುವೆ ಅಂಕಿ ಗುರುತಿಸುವ ಇಶಿಹಾರ ಪುಸ್ತಕ ಎಲ್ಲ ಕಣ್ಣಾಸ್ಪತ್ರೆಗಳಲ್ಲೂ ಇದೆ. ಆದರೆ ಅದು ಹುಟ್ಟಿನಿಂದ ಬರುವ ಕೆಂಪು-ಹಸಿರು ದೋಷಕ್ಕಾಗಿ ಮಾಡಿದ್ದು. ಎಚ್‌ಐವಿಯಲ್ಲಿ ಹೆಚ್ಚಾಗಿ ಕೆಡುವುದು ನೀಲಿ-ಹಳದಿ ವಿವೇಚನೆ, ಅದನ್ನು ಇಶಿಹಾರ ಹಿಡಿಯುವುದಿಲ್ಲ. ಅದಕ್ಕಾಗಿ ಬಣ್ಣದ ಬಿಲ್ಲೆಗಳನ್ನು ಛಾಯೆಯ ಕ್ರಮದಲ್ಲಿ ಜೋಡಿಸುವ ಪರೀಕ್ಷೆಗಳಿವೆ. ಫಾರ್ನ್ಸ್‌ವರ್ತ್-ಮುನ್ಸೆಲ್ ಪೆಟ್ಟಿಗೆಯಲ್ಲಿ ಹೆಸರಿಗೆ ನೂರು ಛಾಯೆ, ಬಿಲ್ಲೆಗಳು 85. ಇದು ನಿಖರವಾದರೂ ಬಳಲಿದ ರೋಗಿಗೆ ದೀರ್ಘ. ತಿಳಿಬಣ್ಣದ 15 ಬಿಲ್ಲೆಗಳ ಲಾಂಥೊನಿ ಪರೀಕ್ಷೆ ಕೆಲವೇ ನಿಮಿಷಗಳದ್ದು, ಆದ್ದರಿಂದ ಆಸ್ಪತ್ರೆಯಲ್ಲಿ ಅದೇ ಅನುಕೂಲ. ಒಂದೊಂದು ಕಣ್ಣನ್ನು ಬೇರೆಬೇರೆಯಾಗಿ, ಒಂದೇ ಬಗೆಯ ಬೆಳಕಿನಲ್ಲಿ ಪರೀಕ್ಷಿಸುವುದು ಮುಖ್ಯ.

ದೃಷ್ಟಿಕ್ಷೇತ್ರ

ನೇರ ಮುಂದೆ ನೋಡುತ್ತಿರುವಾಗ ಸುತ್ತಲೂ ಕಾಣುವ ಹರವೇ ದೃಷ್ಟಿಕ್ಷೇತ್ರ. ಸ್ವಯಂಚಾಲಿತ ಯಂತ್ರದಲ್ಲಿ ರೋಗಿ ಗದ್ದವನ್ನು ಆನಿಸಿ, ಒಂದು ಕಣ್ಣು ಮುಚ್ಚಿ, ಬಿಳಿಯ ಬೋಗುಣಿಯಂಥ ಪರದೆಯ ನಡುವಿನ ದೀಪವನ್ನೇ ದಿಟ್ಟಿಸುತ್ತಾರೆ. ಅಲ್ಲೊಂದು ಇಲ್ಲೊಂದು ಬೆಳಕಿನ ಚುಕ್ಕೆ ಮಿನುಗುತ್ತದೆ, ಕಂಡಾಗ ಕೈಯಲ್ಲಿರುವ ಗುಂಡಿ ಒತ್ತಬೇಕು. ಹೆಚ್ಚಾಗಿ ಬಳಸುವ ಕ್ರಮದಲ್ಲಿ ಆರು ಡಿಗ್ರಿ ಅಂತರದ 54 ಜಾಗಗಳು ಪರೀಕ್ಷೆಗೆ ಒಳಗಾಗುತ್ತವೆ. ಪ್ರತಿ ಜಾಗದಲ್ಲಿ ಕಂಡ ಅತಿ ಮಂದ ಬೆಳಕು ಯಾವುದು ಎಂಬುದನ್ನು ಅದೇ ವಯಸ್ಸಿನ ಆರೋಗ್ಯವಂತರ ಅಂಕಿಗೆ ಹೋಲಿಸಿ, ಒಟ್ಟು ನಷ್ಟವನ್ನು ಸರಾಸರಿ ವಿಚಲನೆಯಾಗಿ ಯಂತ್ರ ಬರೆದು ಕೊಡುತ್ತದೆ.

ಸಿಎಂವಿ ಸೋಂಕು ಅಕ್ಷಿಪಟಲದ ಎಲ್ಲ ಪದರಗಳನ್ನೂ ಕೊಲ್ಲುವುದರಿಂದ ಅಲ್ಲಿ ಪೂರ್ತಿ ಕತ್ತಲ ಕಲೆ ಉಳಿಯುತ್ತದೆ. ಸಿಎಂವಿ ತಗಲದ ಎಚ್‌ಐವಿ ರೋಗಿಯ ಕಣ್ಣಿನಲ್ಲಿ ಚಿತ್ರ ಬೇರೆ: ಚದುರಿದಂತೆ ಅಲ್ಲಲ್ಲಿ ಸಂವೇದನೆ ತಗ್ಗಿರುತ್ತದೆ, ಅದರ ಹರವು ನರತಂತುಗಳ ಹಾದಿಯನ್ನು ಹೋಲುತ್ತದೆ. ಈ ತೆಳು ವ್ಯತ್ಯಾಸ ಬರಿಗಣ್ಣಿಗೆ ತಪ್ಪಬಹುದು. ಸ್ಯಾನ್ ಡಿಯಾಗೋದ ಮೈಕಲ್ ಗೋಲ್ಡ್‌ಬಾಮ್ ಮತ್ತು ಸಂಗಡಿಗರು ಕಂಪ್ಯೂಟರಿಗೆ ಕಲಿಸಿ, ಕಲಿತ ಕಂಪ್ಯೂಟರು ಎಚ್‌ಐವಿ ಇರುವವರ ಮತ್ತು ಇಲ್ಲದವರ ದೃಷ್ಟಿಕ್ಷೇತ್ರಗಳನ್ನು ಬೇರ್ಪಡಿಸಬಲ್ಲದು ಎಂದು ತೋರಿಸಿದರು. ಹಿಂದೊಮ್ಮೆ ಸಿಡಿ4 ಕೋಶಗಳ (ರೋಗನಿರೋಧಕ ಶಕ್ತಿಯ ಮಟ್ಟ ತೋರುವ ರಕ್ತಕೋಶಗಳ) ಎಣಿಕೆ 100ಕ್ಕಿಂತ ಕೆಳಗೆ ಕುಸಿದಿದ್ದವರಲ್ಲಿ, ಚಿಕಿತ್ಸೆಯಿಂದ ಎಣಿಕೆ ಮೇಲೇರಿದ ಮೇಲೂ ದೋಷ ಉಳಿದಿತ್ತು. ಎಚ್‌ಐವಿ ಚಿಕಿತ್ಸೆಯನ್ನು ತಡಮಾಡಬಾರದು ಎನ್ನುವುದಕ್ಕೆ ಕಣ್ಣು ನೀಡುವ ಸ್ಪಷ್ಟ ಕಾರಣ ಇದು.

ಅಂಚಿನ ದೃಷ್ಟಿ ಅಳೆಯಲು ಗೋಲ್ಡ್‌ಮನ್ ಹೆಸರಿನ ದೃಷ್ಟಿಕ್ಷೇತ್ರ ಯಂತ್ರ ಇಂದಿಗೂ ಉಪಯುಕ್ತ. ಸಿಎಂವಿ ಹಲವು ಸಲ ಅಂಚಿನಲ್ಲೇ ಆರಂಭವಾಗಿ ರೋಗಿಗೆ ತಿಳಿಯದಂತೆ ನಡುವಿನತ್ತ ಹರಡುತ್ತದೆ. ಇದನ್ನು ಬೇಗ ಹಿಡಿಯಲು ಒಂದು ಸರಳ ಉಪಾಯವೂ ಬಂತು. ಚಾನೆಲ್ ಸಿಗದ ಹಳೆಯ ಟಿವಿಯಲ್ಲಿ ಕಪ್ಪು-ಬಿಳುಪು ಚುಕ್ಕೆಗಳು ಬುಗುಬುಗನೆ ಕುಣಿಯುತ್ತಿದ್ದವಲ್ಲ, ಅಂಥದೇ ಪರದೆಯ ನಡುವೆ ದೃಷ್ಟಿಯಿಟ್ಟರೆ ಅಕ್ಷಿಪಟಲ ಸತ್ತ ಭಾಗದಲ್ಲಿ ಕುಣಿತ ನಿಂತಂತೆ ಕಾಣುತ್ತದೆ. ರೋಗಿ ಆ ಜಾಗವನ್ನು ತಾವೇ ಗೆರೆಯೆಳೆದು ತೋರಿಸಬಲ್ಲರು.

ವಿದ್ಯುತ್ ಪರೀಕ್ಷೆಗಳು

ಮೇಲಿನವೆಲ್ಲ ರೋಗಿಯ ಉತ್ತರವನ್ನು ಅವಲಂಬಿಸಿವೆ. ಅಕ್ಷಿಪಟಲದಿಂದಲೇ ಉತ್ತರ ಪಡೆಯುವ ವಿಧಾನ ಎಲೆಕ್ಟ್ರೊರೆಟಿನೊಗ್ರಾಮ್, ರೂಢಿಯಲ್ಲಿ ಇಆರ್‌ಜಿ. ಬೆಳಕು ಬಿದ್ದಾಗ ಕಣ್ಣಿನಲ್ಲಿ ವಿದ್ಯುತ್ ಬದಲಾಗುವುದನ್ನು ಸ್ವೀಡನ್ನಿನ ಹೋಮ್‌ಗ್ರೆನ್ 1865ರಲ್ಲಿ ಕಪ್ಪೆಯ ಕಣ್ಣಿನಲ್ಲಿ ಕಂಡರು. ಅದರ ಘಟಕಗಳನ್ನು ಬಿಡಿಸಿದ ರಾಗ್ನರ್ ಗ್ರಾನಿಟ್ 1967ರ ನೊಬೆಲ್ ಪ್ರಶಸ್ತಿ ಹಂಚಿಕೊಂಡರು.

ಪರೀಕ್ಷೆಗೆ ಮುನ್ನ ಪಾಪೆ ಹಿಗ್ಗಿಸುವ ಹನಿ ಹಾಕಿ ರೋಗಿಯನ್ನು ಕನಿಷ್ಠ 20 ನಿಮಿಷ ಕತ್ತಲಲ್ಲಿ ಕೂರಿಸುತ್ತಾರೆ. ಕಣ್ಣಿನ ಮೇಲ್ಮೈಗೆ ತಾಗುವಂತೆ ತೆಳು ಎಳೆ ಇಲ್ಲವೇ ಲೆನ್ಸ್ ರೂಪದ ವಿದ್ಯುದ್ವಾರ ಇಟ್ಟು ಬೆಳಕು ಮಿಂಚಿಸುತ್ತಾರೆ. ಮೊದಲು ಕೆಳಮುಖವಾಗಿ ಇಳಿಯುವ ಎ-ಅಲೆ ದಂಡಕೋಶ, ಶಂಕುಕೋಶಗಳದು. ಹಿಂದೆಯೇ ಮೇಲೇಳುವ ಬಿ-ಅಲೆ ಮುಖ್ಯವಾಗಿ ದ್ವಿಧ್ರುವ ಕೋಶಗಳದು. ಸೆಕೆಂಡಿಗೆ 30 ಸಲ ಮಿನುಗುವ ಬೆಳಕಿಗೆ ಶಂಕುಕೋಶಗಳು ಮಾತ್ರ ಹೆಜ್ಜೆ ಹಾಕಬಲ್ಲವು. ಹೀಗೆ ಯಾವ ಕೊಂಡಿ ಸಡಿಲವಾಗಿದೆ ಎಂದು ಅಲೆಯ ಆಕಾರದಿಂದ ಊಹಿಸಬಹುದು. ಹರ್ಪಿಸ್ ಬಳಗದ ವೈರಸ್ಸಿನಿಂದ ಹೊರಪದರ ಅತಿವೇಗವಾಗಿ ಸಾಯುವ ರೋಗದಲ್ಲಿ ಅಲೆಗಳು ಬಹುತೇಕ ಚಪ್ಪಟೆಯಾಗುತ್ತವೆ.

ಆದರೆ ಸಾಮಾನ್ಯ ಇಆರ್‌ಜಿ ಇಡೀ ಅಕ್ಷಿಪಟಲದ ಒಟ್ಟು ಧ್ವನಿ. ಸಣ್ಣ ಜಾಗದ ಹಾನಿ ಅದರಲ್ಲಿ ಮುಳುಗಿಹೋಗುತ್ತದೆ. ಎರಿಕ್ ಸಟ್ಟರ್ 1990ರ ದಶಕದ ಮೊದಲಲ್ಲಿ ರೂಪಿಸಿದ ಬಹುಕೇಂದ್ರ ಇಆರ್‌ಜಿ ಈ ಕೊರತೆ ನೀಗಿಸಿತು. ಪರದೆಯ ಮೇಲೆ 61 ಅಥವಾ 103 ಷಟ್ಕೋನಗಳನ್ನು ಜೇನುಗೂಡಿನಂತೆ ಜೋಡಿಸಿರುತ್ತಾರೆ. ನಡುವಿನವು ಚಿಕ್ಕವು, ಅಂಚಿನವು ದೊಡ್ಡವು, ಏಕೆಂದರೆ ನಡುವೆ ಶಂಕುಕೋಶಗಳು ದಟ್ಟ. ಪ್ರತಿಯೊಂದೂ ತನ್ನದೇ ಕ್ರಮದಲ್ಲಿ ಕಪ್ಪು-ಬಿಳುಪಾಗಿ ಬದಲಾಗುತ್ತದೆ. ಕಣ್ಣಿನಿಂದ ಬರುವುದು ಒಂದೇ ಕಲಸಿದ ಸಂಕೇತವಾದರೂ, ಗಣಿತದ ಮೂಲಕ ಪ್ರತಿ ಷಟ್ಕೋನದ ಪಾಲನ್ನು ಬಿಡಿಸಿ ಅಕ್ಷಿಪಟಲದ ನಕ್ಷೆ ಮಾಡಬಹುದು. ಅಕ್ಷಿಪಟಲಕ್ಕೆ ಸೋಂಕು ತಗಲದ ಎಚ್‌ಐವಿ ರೋಗಿಗಳಲ್ಲಿ ಫ್ರೀಮನ್ ತಂಡ ಈ ಪರೀಕ್ಷೆ ನಡೆಸಿದಾಗ ಒಳಪದರಗಳ ಚಟುವಟಿಕೆ ಬಿಂಬಿಸುವ ಘಟಕದಲ್ಲಿ ಬದಲಾವಣೆ ಕಂಡಿತು. ಹತ್ತಿಯ ಚುಕ್ಕೆ ಮೂಡುವುದೂ ಒಳಪದರದಲ್ಲೇ ಆದ್ದರಿಂದ ಎರಡೂ ಪುರಾವೆಗಳು ಒಂದೇ ಕಡೆ ಬೆರಳು ಮಾಡುತ್ತವೆ.

ಚೌಕಳಿ ವಿನ್ಯಾಸ ತೋರಿಸಿ ಪಡೆಯುವ ಪ್ಯಾಟರ್ನ್ ಇಆರ್‌ಜಿ ಗ್ಯಾಂಗ್ಲಿಯನ್ ಕೋಶಗಳ ಸ್ಥಿತಿಯನ್ನೂ, ತಲೆಯ ಹಿಂಬದಿಯಿಂದ ಮಿದುಳಿನ ಸಂಕೇತ ದಾಖಲಿಸುವ ವಿಇಪಿ ದೃಷ್ಟಿನರದ ದಾರಿಯನ್ನೂ ಪರಿಶೀಲಿಸುತ್ತವೆ. ವಿಇಪಿಯ ಮುಖ್ಯ ಅಲೆ ಸುಮಾರು 100 ಮಿಲಿಸೆಕೆಂಡಿಗೆ ಬರಬೇಕು. ತಡವಾದರೆ ದಾರಿಯಲ್ಲೆಲ್ಲೋ ತೊಡಕಿದೆ ಎಂದರ್ಥ.

ರೂಪದೊಂದಿಗೆ ತಾಳೆ

1991ರಲ್ಲಿ ಬೆಳಕಿಗೆ ಬಂದ ಒಸಿಟಿ ಸ್ಕ್ಯಾನ್ ಅಕ್ಷಿಪಟಲದ ಪದರಗಳನ್ನು ಅಡ್ಡಕ್ಕೆ ಕೊಯ್ದಂತೆ ತೋರಿಸುತ್ತದೆ. ಸಿಡಿ4 ಎಣಿಕೆ ತೀರ ಕುಸಿದಿದ್ದವರಲ್ಲಿ ನರತಂತು ಪದರ ತೆಳುವಾಗಿರುವುದು ಇದರಲ್ಲಿ ಕಂಡಿದೆ. ಕಾಂಟ್ರಾಸ್ಟ್ ಅಂಕ, ದೃಷ್ಟಿಕ್ಷೇತ್ರ, ಇಆರ್‌ಜಿ, ಒಸಿಟಿ ನಾಲ್ಕೂ ಒಂದೇ ಮಾತು ಹೇಳಿದಾಗ ತೀರ್ಮಾನ ಗಟ್ಟಿ. ಒಂದು ಮಾತ್ರ ಕೆಟ್ಟು ಉಳಿದವು ಸರಿಯಿದ್ದರೆ ಮತ್ತೊಮ್ಮೆ ಪರೀಕ್ಷಿಸಬೇಕು.

ಸೋಂಕು, ಚೇತರಿಕೆ, ಔಷಧಿ

ಸಿಡಿ4 ಎಣಿಕೆ 50ಕ್ಕಿಂತ ಕೆಳಗಿಳಿದವರಿಗೆ ಸಿಎಂವಿ ಅಪಾಯ ಅತಿ ಹೆಚ್ಚು. ಇವರಲ್ಲಿ ಪಾಪೆ ಹಿಗ್ಗಿಸಿ ಅಂಚಿನವರೆಗೂ ನೋಡುವ ಪರೀಕ್ಷೆಗೆ ಬದಲಿಯಿಲ್ಲ, ಕಾರ್ಯಪರೀಕ್ಷೆ ಅದರ ಜೊತೆಗಾರ ಮಾತ್ರ. ಕಣ್ಣ ಮುಂದೆ ತೇಲುವ ಕಪ್ಪು ಚುಕ್ಕೆಗಳು, ಮಿಂಚು, ಪರದೆ ಇಳಿದಂಥ ನೆರಳು ಕಂಡರೆ ಅಕ್ಷಿಪಟಲ ಕಳಚುತ್ತಿರಬಹುದು, ಅದೇ ದಿನ ತೋರಿಸಬೇಕು. ಟಾಕ್ಸೊಪ್ಲಾಸ್ಮ, ಸಿಫಿಲಿಸ್, ಕ್ಷಯ ಕೂಡ ಅಕ್ಷಿಪಟಲವನ್ನು ಹೊಗಬಲ್ಲವು.

ಎಆರ್‌ಟಿಯಿಂದ ರೋಗನಿರೋಧಕ ಶಕ್ತಿ ಮರಳುವಾಗ, ಹಿಂದೆ ಸಿಎಂವಿ ತಗಲಿದ್ದ ಕಣ್ಣಿನಲ್ಲಿ ಉರಿಯೂತವೆದ್ದು ಅಕ್ಷಿಪಟಲದ ನಡುಭಾಗ ಬಾತುಕೊಳ್ಳುವುದುಂಟು. ದೇಹ ಸುಧಾರಿಸುತ್ತಿರುವಾಗಲೇ ದೃಷ್ಟಿ ಮಂಜಾಗುವ ಈ ಸ್ಥಿತಿಯಲ್ಲಿ ರೋಗಿಗೆ ಧೈರ್ಯ ಹೇಳಬೇಕು. ಎಆರ್‌ಟಿ ಮಾತ್ರೆಯನ್ನು ತಾವಾಗಿ ನಿಲ್ಲಿಸಕೂಡದು.

ಔಷಧಿಗಳ ಮೇಲೂ ನಿಗಾ ಬೇಕು. ಕ್ಷಯಕ್ಕೆ ಕೊಡುವ ಎಥಾಂಬುಟಾಲ್ ದೃಷ್ಟಿನರವನ್ನು ಕೆಡಿಸಬಲ್ಲದು, ಮೊದಲ ಸುಳಿವು ಹಲವರಲ್ಲಿ ಕೆಂಪು-ಹಸಿರು ಬಣ್ಣದ ಗೊಂದಲ. ಎಚ್‌ಐವಿಯೂ ಕ್ಷಯವೂ ಒಟ್ಟಿಗಿರುವ ನಮ್ಮ ನಾಡಿನಲ್ಲಿ ಔಷಧಿ ಆರಂಭಿಸುವ ಮುನ್ನವೇ ಬಣ್ಣದ ಪರೀಕ್ಷೆ ಮಾಡಿ ಬರೆದಿಟ್ಟುಕೊಂಡರೆ ಮುಂದೆ ಹೋಲಿಸಲು ದಾರಿ. ಡೈಡನೊಸಿನ್ ಎಂಬ ಹಳೆಯ ಎಚ್‌ಐವಿ ಔಷಧಿ ಮಕ್ಕಳ ಅಕ್ಷಿಪಟಲದ ಅಂಚಿಗೆ ಹಾನಿ ಮಾಡಿದ್ದು ವರದಿಯಾಗಿದೆ.

ಪರೀಕ್ಷಿಸುವಾಗ ಎಚ್ಚರ

ಕಣ್ಣಿನ ಪೊರೆ, ಸರಿಯಿಲ್ಲದ ಕನ್ನಡಕ, ಒಣಗಿದ ಕಣ್ಣು, ಮಧುಮೇಹ, ಇವು ಕೂಡ ಕಾಂಟ್ರಾಸ್ಟ್ ಅಂಕವನ್ನು ಇಳಿಸುತ್ತವೆ. ದಣಿವು, ಮಂಕು, ಏಕಾಗ್ರತೆಯ ಕೊರತೆ ದೃಷ್ಟಿಕ್ಷೇತ್ರದ ಫಲಿತಾಂಶವನ್ನು ಕೆಡಿಸುತ್ತವೆ. ಮೊದಲ ಸಲದ ಫಲಿತಾಂಶವನ್ನು ಅಭ್ಯಾಸವೆಂದೇ ಎಣಿಸಿ ಮತ್ತೊಮ್ಮೆ ಮಾಡುವುದು ಒಳ್ಳೆಯದು. ಪೆಲ್ಲಿ-ರಾಬ್ಸನ್ ಫಲಕದಲ್ಲಿರುವುದು ರೋಮನ್ ಅಕ್ಷರ. ಕನ್ನಡ ಮಾತ್ರ ಓದುವವರಿಗೆ, ಓದೇ ಬಾರದವರಿಗೆ ಅದನ್ನು ಮುಂದಿಟ್ಟರೆ ಅಳತೆಯಾಗುವುದು ಅಕ್ಷರಜ್ಞಾನ, ದೃಷ್ಟಿಯಲ್ಲ. ಅಂಥವರಿಗೆ ದಿಕ್ಕು ತೋರಿಸುವ ಗುರುತುಗಳನ್ನೋ ಆಕೃತಿಗಳನ್ನೋ ಬಳಸಬೇಕು.

ಕಣ್ಣೀರಿನಲ್ಲಿ ಎಚ್‌ಐವಿ ಪತ್ತೆಯಾಗಿದ್ದರೂ ಕಣ್ಣೀರಿನಿಂದ ಸೋಂಕು ಹರಡಿದ ದಾಖಲೆಯಿಲ್ಲ. ಕಣ್ಣಿಗೆ ತಾಗುವ ಸಾಧನಗಳನ್ನು ಪ್ರತಿ ರೋಗಿಯ ನಂತರ ಶುದ್ಧಿಮಾಡುವ ನಿಯಮ ಎಲ್ಲರಿಗೂ ಒಂದೇ. ಎಚ್‌ಐವಿ ಇದೆಯೆಂದು ಪರೀಕ್ಷೆ ನಿರಾಕರಿಸುವುದು, ಕೇಸ್ ಶೀಟಿನ ಮೇಲೆ ಎಲ್ಲರಿಗೂ ಕಾಣುವಂತೆ ಗುರುತು ಹಾಕುವುದು ತಪ್ಪು. 2017ರ ಎಚ್‌ಐವಿ ಮತ್ತು ಏಡ್ಸ್ ತಡೆ ಕಾಯಿದೆ, 2018ರ ಸೆಪ್ಟೆಂಬರ್ 10ರಿಂದ ಜಾರಿಯಲ್ಲಿದ್ದು, ತಾರತಮ್ಯವನ್ನು ನಿಷೇಧಿಸಿ ರೋಗಿಯ ಗೌಪ್ಯತೆಯನ್ನು ಕಾಯುತ್ತದೆ.

ಭಾರತ ಮತ್ತು ಕರ್ನಾಟಕ

ಭಾರತದಲ್ಲಿ ಎಚ್‌ಐವಿ ಮೊದಲು ದೃಢಪಟ್ಟದ್ದು 1986ರಲ್ಲಿ, ಚೆನ್ನೈನ ಸುನಿತಿ ಸಾಲೊಮನ್ ಮತ್ತು ಅವರ ವಿದ್ಯಾರ್ಥಿನಿ ಸೆಲ್ಲಪ್ಪನ್ ನಿರ್ಮಲಾ ಅವರ ಕೆಲಸದಿಂದ. ನಮ್ಮ ರೋಗಿಗಳ ಕಣ್ಣಿನ ತೊಂದರೆಗಳನ್ನು ಅದೇ ನಗರದ ಶಂಕರ ನೇತ್ರಾಲಯದ ಜ್ಯೋತಿರ್ಮಯ್ ಬಿಸ್ವಾಸ್ ಮತ್ತು ಸಂಗಡಿಗರು 1990ರ ದಶಕದಿಂದ ಕ್ರಮವಾಗಿ ದಾಖಲಿಸಿದರು. 2004ರ ಏಪ್ರಿಲ್ 1ರಿಂದ ಸರ್ಕಾರ ಉಚಿತ ಎಆರ್‌ಟಿ ಆರಂಭಿಸಿದಾಗ ಆಯ್ದ ಆರು ರಾಜ್ಯಗಳಲ್ಲಿ ಕರ್ನಾಟಕವೂ ಒಂದು. 2017ರಿಂದ ಸಿಡಿ4 ಎಣಿಕೆ ಎಷ್ಟೇ ಇರಲಿ, ಸೋಂಕು ಪತ್ತೆಯಾದ ಕೂಡಲೇ ಚಿಕಿತ್ಸೆ ಕೊಡುವ ನೀತಿ ಜಾರಿಗೆ ಬಂತು. ಅಕ್ಷಿಪಟಲದ ದೃಷ್ಟಿಯಿಂದ ನೋಡಿದರೆ ಇದಕ್ಕಿಂತ ದೊಡ್ಡ ರಕ್ಷಣೆ ಇಲ್ಲ.

ಇಆರ್‌ಜಿ ಯಂತ್ರಗಳು ಹೆಚ್ಚಾಗಿ ದೊಡ್ಡ ನಗರಗಳ ಕಣ್ಣಾಸ್ಪತ್ರೆಗಳಲ್ಲಿವೆ. ತಿಂಗಳ ಮಾತ್ರೆಗಾಗಿ ಕೂಲಿ ಬಿಟ್ಟು ಜಿಲ್ಲಾಸ್ಪತ್ರೆಯ ಎಆರ್‌ಟಿ ಕೇಂದ್ರಕ್ಕೆ ಬರುವವರಿಗೆ ಅಲ್ಲಿಯವರೆಗೆ ಹೋಗುವುದು ಸುಲಭವಲ್ಲ. ಆದರೆ ಅದೇ ಕೇಂದ್ರದಲ್ಲಿ ಒಂದು ಕಾಂಟ್ರಾಸ್ಟ್ ಫಲಕ, ಒಂದು ಬಣ್ಣದ ಪೆಟ್ಟಿಗೆ, ಒಂದೊಂದು ಕಣ್ಣು ಮುಚ್ಚಿ ನೋಡುವಂತೆ ಹೇಳುವ ತಾಳ್ಮೆ, ಇಷ್ಟಿದ್ದರೆ ಯಾರನ್ನು ಮುಂದಕ್ಕೆ ಕಳಿಸಬೇಕೆಂದು ತಿಳಿಯುತ್ತದೆ. ಸಂಜೆಯ ಮಬ್ಬಿನಲ್ಲಿ ಮೆಟ್ಟಿಲು ತಪ್ಪಿದ ರೋಗಿಯ ಮಾತನ್ನು 6/6 ಎಂಬ ಅಂಕಿ ತೋರಿಸಿ ತಳ್ಳಿಹಾಕದೆ, ಮಸುಕಾದ ಅಕ್ಷರದ ಮುಂದೆ ಅವರನ್ನು ಐದು ನಿಮಿಷ ಕೂರಿಸುವುದರಿಂದಲೇ ಅಕ್ಷಿಪಟಲದ ಕಾರ್ಯಪರೀಕ್ಷೆ ಆರಂಭವಾಗುತ್ತದೆ.